ನೋವು ಸುಳ್ಳಲ್ಲ: ಮಿದುಳಿನ ರಕ್ತಸಂಚಾರ ನುಡಿವ ಸಾಕ್ಷ್ಯ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಮೈಕೈ ನೋವೆಂಬುದು ಹೊಸ ಮಾತಲ್ಲ. ಒಂದು ಕಡೆ ರಾಗಿ ಮತ್ತು ತೆಂಗಿನ ಬಯಲು, ಇನ್ನೊಂದು ಕಡೆ ಅಡಿಕೆ ತೋಟಗಳ ಅರೆಮಲೆನಾಡು, ನಡುವೆ ಈರುಳ್ಳಿ ಬೆಳೆಯುವ ಎರೆಹೊಲ. ಬಗ್ಗಿ ಕಳೆ ಕೀಳುವುದು, ಹೊರೆ ಹೊರುವುದು, ಸುಲಿಯುವ ಯಂತ್ರ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಸುಗ್ಗಿಯ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು, ಇಂಥ ಕಾಯಕದಲ್ಲಿ ದಿನ ಸವೆಸುವ ನಮ್ಮ ತಾಯಂದಿರು ಸಂಜೆಗೆ 'ಸೊಂಟ ಹಿಡಿದಿದೆ' ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಒಂದು ರಾತ್ರಿಯ ಒಳ್ಳೆಯ ನಿದ್ರೆ, ಹಂಡೆಯ ಬಿಸಿನೀರು, ಎರಡು ದಿನದ ಬಿಡುವು ದೊರೆತರೆ ಅಂಥ ನೋವು ಇಳಿದುಹೋಗುತ್ತದೆ. ನಾವು ಇಲ್ಲಿ ಬರೆಯಹೊರಟಿರುವುದು ಹಾಗೆ ಇಳಿಯದ ನೋವಿನ ಬಗ್ಗೆ.

ಅದರ ಲಕ್ಷಣ ಹೀಗಿರುತ್ತದೆ. ಮೊದಲು ಕುತ್ತಿಗೆ, ಹೆಗಲು. ಬರಬರುತ್ತ ಬೆನ್ನು, ಸೊಂಟ, ತೊಡೆ, ಮೊಣಕಾಲು. ಎಡಗಡೆಯೂ ನೋವು, ಬಲಗಡೆಯೂ ನೋವು. ಎಂಟು ಗಂಟೆ ಮಲಗಿದ್ದರೂ ಬೆಳಗ್ಗೆ ಏಳುವಾಗ ಮಲಗಿಯೇ ಇರಲಿಲ್ಲವೇನೋ ಎಂಬ ಆಯಾಸ. ಪೂಜೆಗೆ ಕುಳಿತವರಿಗೆ ಏಳುವಾಗ ಗೋಡೆ ಹಿಡಿಯಬೇಕಾದ ಸ್ಥಿತಿ. ಮಗು ಓಡಿಬಂದು ತಬ್ಬಿಕೊಂಡರೂ, ಬಳೆ ಏರಿಸುವಾಗ ಕೈ ಒತ್ತಿದರೂ ಜೀವ ಹೋದಂತಾಗುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ. ಆಡಬೇಕೆಂದ ಮಾತು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ವೈದ್ಯರಲ್ಲಿಗೆ ಕರೆದೊಯ್ದರೆ ರಕ್ತ ಪರೀಕ್ಷೆ ಸರಿಯಿದೆ, ಎಕ್ಸ್‌ರೇ ಸರಿಯಿದೆ, ಕೀಲುಗಳಲ್ಲಿ ಊತವಿಲ್ಲ. 'ಏನೂ ಇಲ್ಲ' ಎಂಬ ಆ ಒಂದು ಮಾತು ಮನೆಗೆ ಬರುವಷ್ಟರಲ್ಲಿ 'ಏನೂ ಇಲ್ಲದೆ ನರಳುತ್ತಾಳೆ' ಎಂದಾಗಿರುತ್ತದೆ. ಅತ್ತೆಯವರಿಗೆ ಅದು ಕೆಲಸ ತಪ್ಪಿಸುವ ನೆಪವಾಗಿ ಕಾಣುತ್ತದೆ, ಗಂಡನಿಗೆ ದಿನವೂ ಕೇಳುವ ದೂರಾಗುತ್ತದೆ, ನೆರೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಲು ಹೇಳುತ್ತಾರೆ. ಕಡೆಗೆ ಆಕೆಯೇ ತನ್ನ ನೋವು ನಿಜವೋ ಭ್ರಮೆಯೋ ಎಂದು ಸಂಶಯಪಡತೊಡಗುತ್ತಾಳೆ. ನಮ್ಮ ಮನೆಗಳಲ್ಲಿ ಈ ಕಾಯಿಲೆ ಮಾಡುವ ಅತಿ ದೊಡ್ಡ ಕೇಡು ಇದೇ ಎಂದು ನಮಗನಿಸುತ್ತದೆ. ಮೈನೋವಿನ ಮೇಲೆ ನಂಬಿಕೆಗೆ ಅರ್ಹಳಲ್ಲವೆಂಬ ನೋವನ್ನೂ ಹೇರುವುದು.

ಈ ಬೇನೆಗೆ ವೈದ್ಯರು ಫೈಬ್ರೊಮಯಾಲ್ಜಿಯಾ ಎಂದು ಹೆಸರಿಟ್ಟಿದ್ದಾರೆ. ಫೈಬ್ರೊ ಎಂದರೆ ನಾರಿನಂಥ ಅಂಗಾಂಶ, ಮಯ ಎಂದರೆ ಸ್ನಾಯು, ಆಲ್ಜಿಯಾ ಎಂದರೆ ನೋವು. 1904ರಲ್ಲಿ ಇಂಗ್ಲೆಂಡಿನ ನರರೋಗತಜ್ಞ ವಿಲಿಯಂ ಗೋವರ್ಸ್ ಇದನ್ನು ಫೈಬ್ರೊಸೈಟಿಸ್ ಎಂದು ಕರೆದಿದ್ದರು. ಅಂದರೆ ಸ್ನಾಯುವಿನ ನಾರುಗಳ ಉರಿಯೂತ. ಮುಂದೆ ಸ್ನಾಯುವಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅಲ್ಲಿ ಉರಿಯೂತವೇ ಕಾಣಲಿಲ್ಲ. ಹೀಗಾಗಿ 1976ರ ಹೊತ್ತಿಗೆ ಹೆಸರು ಬದಲಾಯಿತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು ಮೈಮೇಲೆ 18 ಗೊತ್ತಾದ ಜಾಗಗಳನ್ನು ಗುರುತಿಸಿ, ಮೂರು ತಿಂಗಳಿಗೂ ಮೀರಿ ಮೈಯೆಲ್ಲ ನೋವಿದ್ದು, ಹೆಬ್ಬೆರಳಿನಿಂದ ಒತ್ತಿದಾಗ ಅವುಗಳಲ್ಲಿ 11 ಜಾಗಗಳಾದರೂ ನೋಯಬೇಕೆಂಬ ನಿಯಮ ಮಾಡಿತು. 2010ರಲ್ಲಿ ಆ ಒತ್ತಿನೋಡುವ ಲೆಕ್ಕವನ್ನು ಬಿಟ್ಟು, ನೋವು ಎಷ್ಟು ಜಾಗಗಳಲ್ಲಿದೆ, ನಿದ್ರೆ ಹೇಗಿದೆ, ದಣಿವು ಮತ್ತು ಮರೆವು ಎಷ್ಟಿವೆ ಎಂಬುದನ್ನು ಕೇಳಿ ನಿರ್ಧರಿಸುವ ಕ್ರಮ ಬಂದಿತು. ಜಗತ್ತಿನಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಈ ಬೇನೆಯಿದೆಯೆಂದು ಅಂದಾಜು. ಹೆಂಗಸರಲ್ಲಿ ಹೆಚ್ಚು, ಆದರೆ ಗಂಡಸರಿಗೂ ಮಕ್ಕಳಿಗೂ ಬರುವುದುಂಟು.

ಸ್ನಾಯುವಿನಲ್ಲಿ ದೋಷವಿಲ್ಲ, ಕೀಲಿನಲ್ಲಿ ದೋಷವಿಲ್ಲ. ಹಾಗಾದರೆ ನೋವು ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನುಹತ್ತಿದ ವಿಜ್ಞಾನಿಗಳು ಕೈಕಾಲು ಬಿಟ್ಟು ಮಿದುಳಿನತ್ತ ತಿರುಗಿದರು. ನೋವೆಂಬ ಅನುಭವ ಕೊನೆಗೆ ಆಗುವುದು ಅಲ್ಲಿಯೇ ಅಲ್ಲವೇ?

ಇಲ್ಲಿ ಮಿದುಳಿನ ರಕ್ತಸಂಚಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಅದು ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು ಪಾಲು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರು ರಕ್ತ ಅಲ್ಲಿಗೆ ಹರಿಯುತ್ತದೆ. ಈ ರಕ್ತ ಮಿದುಳಿನ ಎಲ್ಲ ಭಾಗಗಳಿಗೂ ಸದಾ ಒಂದೇ ಪ್ರಮಾಣದಲ್ಲಿ ಹಂಚಿಕೆಯಾಗುವುದಿಲ್ಲ. ನಮ್ಮ ಅಯ್ಯನಕೆರೆಯ ನೀರನ್ನು ನೆನೆಯಿರಿ. ಕೆರೆ ಒಂದೇ, ತೂಬೂ ಅದೇ. ಆದರೆ ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಬೇಕೆಂದು ನೋಡಿ ನೀರುಗಂಟಿಯು ಕಾಲುವೆಯ ಬಾಯಿ ತಿರುಗಿಸುತ್ತಾನೆ. ಮಿದುಳಿನಲ್ಲಿಯೂ ಹಾಗೆಯೇ. ಓದುವಾಗ ಒಂದು ಭಾಗಕ್ಕೆ, ಕೈ ಆಡಿಸುವಾಗ ಇನ್ನೊಂದು ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಕೆಲಸ ಹೆಚ್ಚಿದಲ್ಲಿ ರಕ್ತವೂ ಹೆಚ್ಚುತ್ತದೆಂಬ ಈ ಮಾತನ್ನು ರಾಯ್ ಮತ್ತು ಶೆರಿಂಗ್ಟನ್ ಎಂಬ ಶರೀರವಿಜ್ಞಾನಿಗಳು 1890ರಷ್ಟು ಹಿಂದೆಯೇ ಹೇಳಿದ್ದರು. ಆದಕಾರಣ ರಕ್ತ ಎಲ್ಲಿ ಎಷ್ಟು ಹರಿಯುತ್ತಿದೆ ಎಂದು ನೋಡಬಲ್ಲವರು ಮಿದುಳಿನ ಯಾವ ಭಾಗ ದುಡಿಯುತ್ತಿದೆ, ಯಾವುದು ಮಂದವಾಗಿದೆ ಎಂದು ಊಹಿಸಬಲ್ಲರು.

ನೋಡುವ ಉಪಾಯವೂ ಸ್ವಾರಸ್ಯಕರವಾಗಿದೆ. ಟೆಕ್ನೀಷಿಯಂ ಎಂಬ, ಅಲ್ಪಕಾಲ ಮಾತ್ರ ವಿಕಿರಣ ಸೂಸುವ ವಸ್ತುವನ್ನು ಒಂದು ಔಷಧಕ್ಕೆ ಜೋಡಿಸಿ ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ರಕ್ತದೊಡನೆ ಮಿದುಳಿಗೆ ಹೋಗಿ, ಎಲ್ಲಿ ರಕ್ತ ಹೆಚ್ಚು ಹರಿಯುವುದೋ ಅಲ್ಲಿ ಹೆಚ್ಚಾಗಿ, ಕಡಿಮೆಯಿರುವಲ್ಲಿ ಕಡಿಮೆಯಾಗಿ ನೆಲೆಸುತ್ತದೆ. ತಲೆಯ ಸುತ್ತ ತಿರುಗುವ ಕ್ಯಾಮೆರಾ ಆ ವಿಕಿರಣವನ್ನು ಹಿಡಿದು ಚಿತ್ರ ಮಾಡುತ್ತದೆ. ಇದನ್ನು ಸ್ಪೆಕ್ಟ್ ಎಂದು ಕರೆಯುತ್ತಾರೆ. ಸಾಮಾನ್ಯ ಸ್ಕ್ಯಾನು ಮಿದುಳಿನ ಆಕಾರವನ್ನು ತೋರಿಸಿದರೆ ಇದು ಅದರ ನಡೆಯನ್ನು ತೋರಿಸುತ್ತದೆ.

1995ರಲ್ಲಿ ಅಮೆರಿಕದ ಅಲಬಾಮ ವಿಶ್ವವಿದ್ಯಾಲಯದ ಮೌಂಟ್ಸ್ ಮತ್ತು ಸಂಗಡಿಗರು ಈ ಬೇನೆಯ 10 ಹೆಂಗಸರನ್ನೂ, ಆರೋಗ್ಯವಂತರಾದ 7 ಹೆಂಗಸರನ್ನೂ ಹೀಗೆ ಪರೀಕ್ಷಿಸಿದರು. ಬೇನೆಯುಳ್ಳವರ ಮಿದುಳಿನಲ್ಲಿ ಥಾಲಮಸ್ ಮತ್ತು ಕಾಡೇಟ್ ಎಂಬ ಎರಡು ಭಾಗಗಳಿಗೆ ರಕ್ತದ ಹರಿವು ಕಡಿಮೆಯಿತ್ತು. ಥಾಲಮಸ್ ಎಂಬುದು ಮಿದುಳಿನ ನಡುವಿನ ಹೆಬ್ಬಾಗಿಲು. ಮೈಯ ಮೂಲೆಮೂಲೆಗಳಿಂದ ಬರುವ ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿ ಅಲ್ಲಿಂದ ಹಾದು ಮುಂದಕ್ಕೆ ಹೋಗಬೇಕು. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಕ್ವಿಯಾಟೆಕ್ ಮೊದಲಾದವರು ನಡೆಸಿದ ಪರೀಕ್ಷೆಯಲ್ಲಿಯೂ ಬಲಗಡೆಯ ಥಾಲಮಸ್ಸಿಗೆ ಹರಿವು ಕಡಿಮೆಯಿದ್ದುದು ಕಂಡುಬಂತು.

ಇಲ್ಲಿ ಜಾಣ ಓದುಗರಿಗೆ ಒಂದು ಅನುಮಾನ ಬರಬೇಕು. ನೋವು ಹೆಚ್ಚಿದ್ದರೆ ನೋವಿನ ಬಾಗಿಲಿಗೆ ರಕ್ತ ಹೆಚ್ಚಬೇಕಲ್ಲವೇ, ಕಡಿಮೆಯಾದುದೇಕೆ? ಆರೋಗ್ಯವಂತರ ಕೈಗೆ ಬಿಸಿ ತಾಗಿಸಿದರೆ ಥಾಲಮಸ್ಸಿಗೆ ರಕ್ತ ಹೆಚ್ಚುವುದೇ ಸರಿ. ಆದರೆ ಬಹುಕಾಲದಿಂದ ನೋವುಂಡವರಲ್ಲಿ, ಉದಾಹರಣೆಗೆ ನರಕ್ಕೆ ಪೆಟ್ಟಾದವರಲ್ಲಿಯೂ ಅರ್ಬುದ ರೋಗದ ನೋವಿನವರಲ್ಲಿಯೂ, ಅದು ಕಡಿಮೆಯಾಗಿರುವುದನ್ನು ಬೇರೆ ಸಂಶೋಧಕರು ಆ ಮೊದಲೇ ಕಂಡಿದ್ದರು. ಹಗಲಿರುಳೂ ಬಡಿಯುವ ಬಾಗಿಲಿಗೆ ಕಾವಲುಗಾರ ಕಿವುಡಾಗುವಂತೆ, ನಿಲ್ಲದ ನೋವಿಗೆ ಮಿದುಳು ತನ್ನನ್ನು ಹೊಂದಿಸಿಕೊಂಡಿರಬಹುದೆಂಬುದು ಒಂದು ವಿವರಣೆ. ಅದೇನೇ ಇರಲಿ, 'ಏನೂ ಇಲ್ಲ' ಎನಿಸಿಕೊಂಡ ಹೆಂಗಸರ ಮಿದುಳಿನ ಚಿತ್ರ ನಿಜವಾದ ದೀರ್ಘ ನೋವಿನವರ ಚಿತ್ರವನ್ನೇ ಹೋಲುತ್ತಿದ್ದುದು ಗಮನಾರ್ಹ.

2002ರಲ್ಲಿ ಅಮೆರಿಕದ ಗ್ರೇಸ್ಲಿ ಮತ್ತು ಸಂಗಡಿಗರು ಮಾಡಿದ ಪ್ರಯೋಗವನ್ನು ನಾವು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇವೆ. ಏಕೆಂದರೆ ಅದು ಹಳ್ಳಿಯವರಿಗೂ ಅರ್ಥವಾಗುವಂಥದು. ಬೇನೆಯುಳ್ಳ 16 ಮಂದಿ, ಇಲ್ಲದ 16 ಮಂದಿ. ಎಲ್ಲರ ಹೆಬ್ಬೆರಳಿನ ಉಗುರನ್ನು ಅಳತೆಯ ಭಾರದಿಂದ ಒತ್ತುತ್ತ, ಅದೇ ಹೊತ್ತಿನಲ್ಲಿ ಎಂಆರ್‌ಐ ಯಂತ್ರದಲ್ಲಿ ಮಿದುಳಿನ ರಕ್ತದ ಏರಿಳಿತವನ್ನು ನೋಡಿದರು. ಒಂದೇ ಭಾರದಿಂದ ಒತ್ತಿದಾಗ ಬೇನೆಯುಳ್ಳವರ ಮಿದುಳಿನ 13 ಕಡೆಗಳಲ್ಲಿ ಮತ್ತೊಂದು ಗುಂಪಿಗಿಂತ ಹೆಚ್ಚು ಚಟುವಟಿಕೆ ಕಂಡಿತು. ಆರೋಗ್ಯವಂತರ ಉಗುರನ್ನು ಹೆಚ್ಚೂಕಡಿಮೆ ಎರಡರಷ್ಟು ಭಾರದಿಂದ ಒತ್ತಿದಾಗ ಮಾತ್ರ ಅವರೂ ಅಷ್ಟೇ ನೋವೆಂದರು, ಅವರ ಮಿದುಳಿನ ಚಿತ್ರವೂ ಬಹುಮಟ್ಟಿಗೆ ಹಾಗೆಯೇ ಆಯಿತು. ನೋವನ್ನು ನಟಿಸುವವರು ಮುಖ ಕಿವುಚಬಲ್ಲರು, ಕೂಗಬಲ್ಲರು. ಮಿದುಳಿನ ರಕ್ತವನ್ನು ಬೇಕಾದ ಕಡೆಗೆ ತಿರುಗಿಸಲಾರರು. ಬಳೆ ಏರಿಸುವಾಗ ಕಣ್ಣಲ್ಲಿ ನೀರು ತಂದುಕೊಂಡ ಸೊಸೆಯ ಮಾತು ಇಲ್ಲಿ ನಿಜವಾಯಿತು.

'ಮನಸ್ಸಿನ ಕೊರಗೇ ನೋವಾಗಿದೆ' ಎಂಬ ವಾದಕ್ಕೂ ಒಂದು ಉತ್ತರ ದೊರೆತಿದೆ. 2008ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ಗೆಜ್ ಎಂಬ ವೈದ್ಯರ ತಂಡ 20 ಮಂದಿ ರೋಗಿಗಳನ್ನೂ 10 ಮಂದಿ ಆರೋಗ್ಯವಂತರನ್ನೂ ಸ್ಪೆಕ್ಟ್ ಪರೀಕ್ಷೆಗೆ ಒಳಪಡಿಸಿತು. ನೋವು ಎಲ್ಲಿದೆ, ಎಷ್ಟಿದೆ ಎಂದು ಅಳೆಯುವ ಭಾಗಗಳಲ್ಲಿ ರಕ್ತ ಹೆಚ್ಚಾಗಿಯೂ, ನೋವಿಗೆ ಭಾವನೆಯನ್ನೂ ಗಮನವನ್ನೂ ಜೋಡಿಸುವ ಭಾಗಗಳಲ್ಲಿ ಕಡಿಮೆಯಾಗಿಯೂ ಹರಿಯುತ್ತಿತ್ತು. ಈ ವ್ಯತ್ಯಾಸವು ಬೇನೆಯ ತೀವ್ರತೆಯೊಡನೆ ಹೊಂದಿಕೊಂಡಿತ್ತೇ ಹೊರತು ಆತಂಕ, ಖಿನ್ನತೆಗಳ ಅಳತೆಯೊಡನೆ ಅಲ್ಲ. ಹಾಗೆಂದು ಖಿನ್ನತೆ ಈ ರೋಗಿಗಳಲ್ಲಿ ಇಲ್ಲವೆಂದಲ್ಲ. ವರ್ಷಗಟ್ಟಲೆ ನೋವುಂಡವರಿಗೆ ಮನಸ್ಸು ಕುಗ್ಗದಿರುವುದಾದರೂ ಹೇಗೆ?

ಇಷ್ಟು ಓದಿದವರು ನಾಳೆಯೇ ಬೆಂಗಳೂರಿಗೆ ಹೋಗಿ ಸ್ಪೆಕ್ಟ್ ಮಾಡಿಸೋಣವೆಂದು ಹೊರಟಾರೆಂಬ ಭಯ ನಮಗಿದೆ. ದಯವಿಟ್ಟು ಹಾಗೆ ಮಾಡಬಾರದು. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಹತ್ತಿಪ್ಪತ್ತು ಜನರ ಗುಂಪಿನ ಸರಾಸರಿಯನ್ನು ಹೇಳುತ್ತವೆ. ಒಬ್ಬರ ಚಿತ್ರ ನೋಡಿ 'ಇವರಿಗೆ ಈ ಬೇನೆ ಇದೆ, ಇವರಿಗಿಲ್ಲ' ಎನ್ನುವ ಶಕ್ತಿ ಅವಕ್ಕಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ಜಾಗವನ್ನು ತೋರಿಸಿಯೂ ಇಲ್ಲ. ರಕ್ತ ಕಡಿಮೆ ಎಂಬ ಮಾತು ಕೇಳಿ ಲಕ್ವ ಹೊಡೆಯುವುದೆಂದು ಹೆದರಬೇಕಾದದ್ದೂ ಇಲ್ಲ. ಇದು ರಕ್ತನಾಳ ಕಟ್ಟಿಕೊಂಡದ್ದಲ್ಲ, ಹಂಚಿಕೆಯ ವ್ಯತ್ಯಾಸ ಮಾತ್ರ. ಆದ್ದರಿಂದ 'ಮಿದುಳಿಗೆ ರಕ್ತ ಏರಿಸುವ' ಟಾನಿಕ್ಕು, ಗುಳಿಗೆ, ತೈಲಗಳೆಂದು ಯಾರಾದರೂ ಮಾರಲು ಬಂದರೆ ಬಾಗಿಲಿನಿಂದಲೇ ಕಳುಹಿಸಿಬಿಡುವುದು ಲೇಸು. ಇಸ್ರೇಲಿನಲ್ಲಿ 2015ರಲ್ಲಿ 60 ಹೆಂಗಸರಿಗೆ ಒತ್ತಡದ ಕೋಣೆಯಲ್ಲಿ ಎರಡು ತಿಂಗಳ ಕಾಲ 40 ಬಾರಿ ಆಮ್ಲಜನಕ ಕೊಟ್ಟು, ನೋವು ಇಳಿದುದನ್ನೂ ಸ್ಪೆಕ್ಟ್ ಚಿತ್ರ ಬದಲಾದುದನ್ನೂ ಪ್ರಕಟಿಸಿದ್ದಾರೆ. ಕುತೂಹಲದ ಸಂಗತಿಯೇ ಸರಿ. ಆದರೆ ಅಲ್ಲಿ ತುಲನೆಗೆ ಹುಸಿ ಚಿಕಿತ್ಸೆಯ ಗುಂಪಿರಲಿಲ್ಲ. ತೋಟ ಅಡವಿಟ್ಟು ಅದರ ಹಿಂದೆ ಓಡುವ ಕಾಲ ಇನ್ನೂ ಬಂದಿಲ್ಲ. ಮಿದುಳೊಂದೇ ಎಲ್ಲಕ್ಕೂ ಮೂಲವೆಂದೂ ಹಟ ಹಿಡಿಯಲಾಗದು. 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಇತರ ಕಡೆಯ ಸಂಶೋಧಕರು ಈ ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಆ ಇಲಿಗಳೂ ಒತ್ತಡಕ್ಕೆ, ತಂಪಿಗೆ ಬೆದರತೊಡಗಿದವು.

ನಮ್ಮ ಕರ್ನಾಟಕದ ಅನುಭವವೂ ಇಲ್ಲಿ ನೆನಪಾಗುತ್ತದೆ. 2005ರ ಕೊನೆಯಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, ಚಿಕುನ್‌ಗುನ್ಯ ದೇಶಕ್ಕೆ ಮರಳಿತು. 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 14 ಲಕ್ಷ ಶಂಕಿತ ರೋಗಿಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕರ್ನಾಟಕದವರೇ. ಮನೆಮನೆಯಲ್ಲಿ ಗೋಡೆ ಹಿಡಿದು ನಡೆದ ಆ ದಿನಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಬಹುಪಾಲು ಜನ ವಾರಗಳಲ್ಲಿ ಗುಣವಾದರು. ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಇಂಥ ಸೋಂಕುಗಳ ತರುವಾಯ, ಅಪಘಾತದ ತರುವಾಯ, ಬಾಣಂತನದ ಅಥವಾ ಮನೆಯ ಸಾವಿನ ದುಃಖದ ತರುವಾಯ ಕೆಲವರಲ್ಲಿ ಮೈಯೆಲ್ಲ ಹರಡುವ ನೋವು ಬೇರೂರುವುದನ್ನು ವೈದ್ಯರು ಗುರುತಿಸಿದ್ದಾರೆ. ಜ್ವರ ಹೋಗಿರುತ್ತದೆ, ವೈರಾಣು ಹೋಗಿರುತ್ತದೆ. ಎಚ್ಚರಗೊಂಡ ನರವ್ಯೂಹ ಮಾತ್ರ ಮಲಗುವುದಿಲ್ಲ.

ಮೈನೋವೆಲ್ಲ ಫೈಬ್ರೊಮಯಾಲ್ಜಿಯಾ ಎಂದುಕೊಳ್ಳುವುದೂ ಅಪಾಯವೇ. ಥೈರಾಯ್ಡ್ ಗ್ರಂಥಿ ಸೋತರೆ, ರಕ್ತ ಕಡಿಮೆಯಾದರೆ, ಡಿ ಜೀವಸತ್ವ ಸಾಲದೆ ಮೂಳೆ ಮೆದುವಾದರೆ ಇದೇ ಬಗೆಯ ನೋವು, ದಣಿವು ಬರುತ್ತವೆ. ಅವಕ್ಕೆಲ್ಲ ಕಡಿಮೆ ಖರ್ಚಿನ ಮದ್ದಿದೆ. ಪಾವಗಡದಂಥ ಬಯಲುಸೀಮೆಯಲ್ಲಿ ಆಳದ ಕೊಳವೆಬಾವಿಯ ನೀರಿನ ಫ್ಲೋರೈಡು ಬೆನ್ನು, ಕೀಲುಗಳನ್ನು ಬಿಗಿಯಿಸಿರುವುದನ್ನು ಎಲ್ಲರೂ ಬಲ್ಲರು. ಹಲ್ಲಿನ ಮೇಲೆ ಕಂದು ಕಲೆಗಳಿರುವವರು ವೈದ್ಯರಿಗೆ ತಮ್ಮ ಮನೆಯ ನೀರಿನ ಮೂಲವನ್ನು ಹೇಳಬೇಕು. ಬೆಳಗ್ಗೆ ಬೆರಳುಗಳು ಊದಿ ಗಂಟೆಗಟ್ಟಲೆ ಬಿಗಿದಿದ್ದರೆ ಅದು ಸಂಧಿವಾತವಿರಬಹುದು, ತಡಮಾಡಿದರೆ ಕೀಲು ಕೆಡುತ್ತದೆ. ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಒಂದು ಕೈಯೋ ಕಾಲೋ ಬಲ ಕಳೆದುಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಸಮಗ್ರವಾಗಿ ತಪಾಸಣೆಯಾದ ಮೇಲೆ ಮಾತ್ರ ಅದೇ ಪರೀಕ್ಷೆಗಳನ್ನು ಚಿಕ್ಕಮಗಳೂರಿನಲ್ಲೊಮ್ಮೆ, ಶಿವಮೊಗ್ಗದಲ್ಲೊಮ್ಮೆ, ದಾವಣಗೆರೆಯಲ್ಲೊಮ್ಮೆ ಮಾಡಿಸುತ್ತ ಅಲೆಯುವ ಅಗತ್ಯವಿಲ್ಲ. ತಜ್ಞರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲು ಹೇಳಿದರೆ 'ನಮಗೇನು ಹುಚ್ಚೇ' ಎಂದು ಸಿಟ್ಟಾಗುವವರುಂಟು. ಅದು ಮನೋರೋಗಗಳಷ್ಟೇ ಅಲ್ಲ, ನರಗಳ ಕಾಯಿಲೆಗಳನ್ನೂ ನೋಡುವ ರಾಷ್ಟ್ರೀಯ ಸಂಸ್ಥೆ. ಅದರ ಹೆಸರಿನಲ್ಲೇ ಆ ಎರಡೂ ಇವೆ.

ಮದ್ದಿನ ವಿಷಯಕ್ಕೆ ಬರೋಣ. ವಾರವಾರ ಸೂಜಿ ಚುಚ್ಚಿಸಿಕೊಂಡು 'ಆಹಾ, ಹಗುರವಾಯಿತು' ಎನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹಳ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಮುಖ ಊದುತ್ತದೆ. ಈ ಬೇನೆಗೆ ಅದರಿಂದ ಪ್ರಯೋಜನವೂ ಇಲ್ಲ. ಅಂಗಡಿಯಿಂದ ತಂದು ನಿತ್ಯ ನುಂಗುವ ನೋವಿನ ಗುಳಿಗೆಗಳು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಸ್ನಾಯುವಿನಲ್ಲಿ ಉರಿಯೂತವೇ ಇಲ್ಲದಿರುವಾಗ ಉರಿಯೂತ ಇಳಿಸುವ ಗುಳಿಗೆ ಮಾಡುವುದಾದರೂ ಏನು? ವೈದ್ಯರು ರಾತ್ರಿಯ ಹೊತ್ತು ಬಹು ಸಣ್ಣ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಡುಲೊಕ್ಸೆಟಿನ್, ಪ್ರಿಗಾಬಲಿನ್ ಎಂಬವೂ ಇವೆ. ಚೀಟಿಯನ್ನು ಓದಿದ ಔಷಧದಂಗಡಿಯವರು 'ಇದು ಖಿನ್ನತೆಯ ಮಾತ್ರೆ' ಎಂದೊಡನೆ ಬಿಸಾಡಬೇಡಿ. ನೋವಿನ ಸುದ್ದಿಯನ್ನು ತಗ್ಗಿಸುವ ನರದ ಹಾದಿಗಳೂ ಅದೇ ರಾಸಾಯನಿಕಗಳನ್ನು ಬಳಸುತ್ತವೆ, ಕೊಟ್ಟಿರುವುದು ಅದಕ್ಕಾಗಿ. ಹೃದಯದ ತೊಂದರೆ, ಕಣ್ಣಿನ ಒತ್ತಡದ ಕಾಯಿಲೆ, ಮೂತ್ರ ಕಟ್ಟುವ ತೊಂದರೆ ಇರುವವರು ಮಾತ್ರ ಅದನ್ನು ಮೊದಲೇ ತಿಳಿಸಬೇಕು. ಎಲ್ಲರಿಗೂ ಈ ಮದ್ದುಗಳು ಹಿಡಿಯುವುದಿಲ್ಲ, ಹಿಡಿದವರಿಗೂ ನೋವು ಪೂರ್ತಿ ಹೋಗುವುದು ಅಪರೂಪ.

ಯುರೋಪಿನ ಸಂಧಿವಾತ ತಜ್ಞರು 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿನೋಡಿ, ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ. 'ದಿನವಿಡೀ ಮನೆಗೆಲಸ, ತೋಟದ ಕೆಲಸ ಮಾಡುವವಳಿಗೆ ಮತ್ತೆಂಥ ವ್ಯಾಯಾಮ?' ಎಂದು ನಮ್ಮ ಅಕ್ಕತಂಗಿಯರು ನಕ್ಕಾರು. ನಗು ನ್ಯಾಯವೇ. ಆದರೆ ಬಗ್ಗಿ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ದುಡಿಯುವುದು ಬೇರೆ, ಕೈ ಬೀಸಿಕೊಂಡು ಉಸಿರು ತುಸು ಏರುವಂತೆ ನಡೆಯುವುದು ಬೇರೆ. ಮೊದಲನೆಯದು ದಣಿಸುತ್ತದೆ, ಎರಡನೆಯದು ಕ್ರಮವಾಗಿ ನಡೆದರೆ ನಿದ್ರೆಯನ್ನು ಸರಿಪಡಿಸಿ ನೋವನ್ನು ತಗ್ಗಿಸುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ 2010ರಲ್ಲಿ 53 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಮೃದುವಾದ ಆಸನ, ಉಸಿರಾಟ, ಧ್ಯಾನಗಳಿದ್ದ ಯೋಗದಿಂದಲೂ ನೋವು, ದಣಿವುಗಳು ಇಳಿದುವು. ನೂರೆಂಟು ಆಸನಗಳನ್ನು ಕಲಿಯಬೇಕಾಗಿಲ್ಲ.

ಮನೆಯವರ ಪಾಲು ಇಲ್ಲಿ ದೊಡ್ಡದು. ಸೊಸೆಗೆ ಬೆಳಗ್ಗೆ ಅರ್ಧ ಗಂಟೆ ಬಿಡುವು ಕೊಡಲು ಅತ್ತೆ ಒಲೆಯ ಮುಂದೆ ನಿಲ್ಲಬೇಕಾದೀತು, ಮಗ ಬಾವಿಯಿಂದ ಎರಡು ಕೊಡ ನೀರು ತರಬೇಕಾದೀತು. ವೈದ್ಯರಲ್ಲಿಗೆ ಹೋಗುವಾಗ ಗಂಡನಾದವನು ಜೊತೆಗೆ ಹೋಗಿ ಕೇಳಿಸಿಕೊಂಡು ಬರುವುದು ಬಹಳ ಒಳ್ಳೆಯದು. ಆಕೆ ಬಂದು ಹೇಳಿದರೆ ನಂಬದಿದ್ದವನು ವೈದ್ಯರ ಬಾಯಿಂದ ಕೇಳಿ ನಂಬುವುದುಂಟು. ಹೋಗುವ ಮೊದಲು ಒಂದು ಹಾಳೆಯಲ್ಲಿ ನೋವು ಯಾವಾಗ ಆರಂಭವಾಯಿತು, ಯಾವ ಜಾಗಗಳಲ್ಲಿದೆ, ನಿದ್ರೆ ಎಷ್ಟು, ಇದುವರೆಗೆ ನುಂಗಿದ ಮಾತ್ರೆಗಳಾವುವು ಎಂದು ಬರೆದುಕೊಳ್ಳಿ. ಐದು ನಿಮಿಷದ ಭೇಟಿಯಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ನಡಿಗೆಯನ್ನು ದಿನಕ್ಕೆ ಐದೇ ನಿಮಿಷದಿಂದ ಆರಂಭಿಸಿ, ವಾರಕ್ಕೊಮ್ಮೆ ಎರಡು ಮೂರು ನಿಮಿಷ ಏರಿಸುತ್ತ ಅರ್ಧ ಗಂಟೆಗೆ ತರಬೇಕು. ಮೊದಲ ಎರಡು ವಾರ ನೋವು ತುಸು ಹೆಚ್ಚಿದಂತೆ ಅನಿಸುವುದು ಸಹಜ; ಆಗ ಏರಿಸುವುದನ್ನು ನಿಲ್ಲಿಸಿ ಅಷ್ಟಕ್ಕೇ ಇರಬೇಕೇ ಹೊರತು ಬಿಟ್ಟುಬಿಡಬಾರದು. ಹಗುರವೆನಿಸಿದ ದಿನ ಬಾಕಿಯುಳಿದ ಕೆಲಸವನ್ನೆಲ್ಲ ಒಂದೇ ಸಲ ಮುಗಿಸಹೋದರೆ ಮುಂದಿನ ಮೂರು ದಿನ ಮಲಗಬೇಕಾಗುತ್ತದೆ. ಎರಡು ಮೂರು ತಿಂಗಳು ಕಳೆಯುವವರೆಗೆ ಫಲವನ್ನು ಲೆಕ್ಕ ಹಾಕಬಾರದು. ಒಬ್ಬರೇ ಹೋಗಲು ಬೇಸರವಾದರೆ ನೆರೆಮನೆಯವರನ್ನು ಕೂಡಿಕೊಂಡು ಕೆರೆಯ ಏರಿಯ ಮೇಲೆ, ಬಿಸಿಲು ಏರುವ ಮುನ್ನ ಹೋಗಬಹುದು.